ಬಡ್ಡಿ ದರ, ಜನರ ಆಯುಷ್ಯ, ಜೀವ ವಿಮೆ ಕಂಪನಿಯ ಷೇರು: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು, ಬೆಳಿಗ್ಗೆ ಪಾರ್ಕಿನಲ್ಲಿ ಜೊತೆಗೆ ನಡೆಯುವವರು, ಫೋನ್ ಮಾಡಿದವರು, ಪತ್ರ ಬರೆದವರು ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಯಾವ ಷೇರು ಕೊಳ್ಳಬೇಕು, ಯಾವಾಗ ಮಾರಬೇಕು ಅನ್ನುವುದು ಇಲ್ಲಿಲ್ಲ. ಕಂಪನಿ ಒಳಗೆ ಏನು ನಡೆಯುತ್ತದೆ ಅನ್ನುವುದಷ್ಟೇ ಇದೆ.

## ಮೊದಲು ತಿಳಿಯಬೇಕಾದ್ದು

ವಿಮೆ ಕಂಪನಿಗೂ ಬಡ್ಡಿ ದರಕ್ಕೂ ಏನ್ ಸಂಬಂಧ? ಅದೇನು ಬ್ಯಾಂಕಾ?

ಬ್ಯಾಂಕ್ ಅಲ್ಲ. ಆದರೆ ಬಡ್ಡಿಯ ವಿಷಯದಲ್ಲಿ ಬ್ಯಾಂಕಿಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ ವ್ಯವಹಾರ ಇದು. ಬ್ಯಾಂಕಿನ ಎಫ್‌ಡಿ ಒಂದು ವರ್ಷಕ್ಕೋ ಐದು ವರ್ಷಕ್ಕೋ ಮುಗಿಯುತ್ತದೆ. ಜೀವ ವಿಮೆ ಕಂಪನಿ ಇವತ್ತು ಕೊಟ್ಟ ಮಾತನ್ನು 30 ವರ್ಷ, 40 ವರ್ಷ ಆದಮೇಲೆ ನಡೆಸಬೇಕು. ಅಲ್ಲಿಯವರೆಗೆ ನಿಮ್ಮ ಪ್ರೀಮಿಯಂ ದುಡ್ಡು ಎಲ್ಲೋ ದುಡಿಯುತ್ತಿರಬೇಕಲ್ಲ, ಅದು ಹೆಚ್ಚಾಗಿ ದುಡಿಯುವುದು ಸರ್ಕಾರಿ ಬಾಂಡುಗಳಲ್ಲಿ. ಯುಲಿಪ್ (ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟಿದ ಪಾಲಿಸಿ) ಬಿಟ್ಟು ಉಳಿದ ಮಾಮೂಲಿ ಜೀವ ವಿಮೆ ನಿಧಿಯಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಸರ್ಕಾರಿ ಬಾಂಡಿನಂಥ ಭದ್ರ ಜಾಗದಲ್ಲೇ ಇರಬೇಕು ಅಂತ ನಿಯಮವೇ ಇದೆ.

ಒಂದು ಲೆಕ್ಕ ಮಾಡಿ ನೋಡಿ, ಕ್ಯಾಲ್ಕ್ಯುಲೇಟರ್ ಸಾಕು. 30 ವರ್ಷ ಬಿಟ್ಟು 1 ಲಕ್ಷ ರೂಪಾಯಿ ಕೊಡಬೇಕು. ಬಡ್ಡಿ ಶೇ 7 ಇದ್ದರೆ ಇವತ್ತು ಸುಮಾರು 13,140 ರೂಪಾಯಿ ಎತ್ತಿಟ್ಟರೆ ಸಾಕು. ಬಡ್ಡಿ ಶೇ 6 ಆದರೆ 17,410 ಬೇಕು. ಬಡ್ಡಿ ಇಳಿದದ್ದು ಒಂದೇ ಒಂದು ಪರ್ಸೆಂಟು, ಎತ್ತಿಡಬೇಕಾದ ದುಡ್ಡು ಮೂರನೇ ಒಂದು ಪಾಲಿನಷ್ಟು ಏರಿತು. ಇದೇ ಲೆಕ್ಕ 10 ವರ್ಷಕ್ಕೆ ಹಾಕಿದರೆ ಏರಿಕೆ ಶೇ 10ರ ಹತ್ತಿರ ಮಾತ್ರ. ಮಾತು ಎಷ್ಟು ಉದ್ದವೋ ಬಡ್ಡಿಯ ಪೆಟ್ಟು ಅಷ್ಟು ದೊಡ್ಡದು.

ಹಾಗಾದ್ರೆ ಬಡ್ಡಿ ಏರಿದ್ರೆ ಒಳ್ಳೇದಾ, ಇಳಿದ್ರೆ ಒಳ್ಳೇದಾ? ಒಂದೇ ಮಾತಲ್ಲಿ ಹೇಳಿ.

ನಿಧಾನವಾಗಿ ಏರಿದರೆ ಒಳ್ಳೆಯದು. ಇಳಿದು ಇಳಿದು ಅಲ್ಲೇ ಕೂತರೆ ಕೆಟ್ಟದ್ದು. ಒಂದೇ ಸಲ ಜೋರಾಗಿ ಏರಿದರೂ ಬೇರೆ ಥರದ ತೊಂದರೆ ಇದೆ, ಅದಕ್ಕೆ ಕೆಳಗೆ ಬೇರೆ ಪ್ರಶ್ನೆಯೇ ಇದೆ. ಆದರೆ ಒಂದು ಮಾತಿನಲ್ಲಿ ಮುಗಿಸುವ ವಿಷಯ ಇದಲ್ಲ. ನಾನಾಗಿದ್ದರೆ ಬೇರೆ ಎರಡು ಪ್ರಶ್ನೆ ಕೇಳುತ್ತೇನೆ: ಕಂಪನಿ ಗ್ರಾಹಕರಿಗೆ ಏನು ಮಾತು ಕೊಟ್ಟಿದೆ? ಆ ಮಾತಿಗೆ ಎದುರಾಗಿ ಎಂಥ ಬಾಂಡು ಕೊಂಡಿಟ್ಟಿದೆ? ಎರಡರ ಉದ್ದ ಒಂದಕ್ಕೊಂದು ಕೂಡಿ ಬಂದರೆ ಬಡ್ಡಿ ಯಾವ ಕಡೆ ಹೋದರೂ ಅಷ್ಟೇನೂ ಭಯವಿಲ್ಲ.

ಇಂಥ ಕಂಪನಿಗಳು ಷೇರು ಮಾರ್ಕೆಟ್‌ನಲ್ಲಿ ಯಾವ್ಯಾವು ಇವೆ?

2016ರ ಸೆಪ್ಟೆಂಬರ್‌ನಲ್ಲಿ ಐಸಿಐಸಿಐ ಪ್ರುಡೆನ್ಷಿಯಲ್ ಲೈಫ್ ಬಂತು. 2017ರಲ್ಲಿ ಎಸ್‌ಬಿಐ ಲೈಫ್, ಎಚ್‌ಡಿಎಫ್‌ಸಿ ಲೈಫ್. 2022ರ ಮೇ 17ಕ್ಕೆ ಎಲ್‌ಐಸಿ. ನಮ್ಮ ಕೆನರಾ ಬ್ಯಾಂಕಿನ ಪಾಲಿರುವ ಕೆನರಾ ಎಚ್‌ಎಸ್‌ಬಿಸಿ ಲೈಫ್ 2025ರ ಅಕ್ಟೋಬರ್‌ನಲ್ಲಿ ಸೇರಿತು. ಮ್ಯಾಕ್ಸ್ ಫೈನಾನ್ಷಿಯಲ್ ಷೇರು ಕೊಂಡರೆ ಅದರ ಕೆಳಗಿರುವ ಆಕ್ಸಿಸ್ ಮ್ಯಾಕ್ಸ್ ಲೈಫ್ ಕೊಂಡ ಹಾಗೆ.

ಜನ ಜಾಸ್ತಿ ವರ್ಷ ಬದುಕಿದ್ರೆ ವಿಮೆ ಕಂಪನಿಗೆ ಲಾಭ ಅಲ್ವಾ?

ಅರ್ಧ ನಿಜ. ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ತೀರಿಕೊಂಡರೆ ಮಾತ್ರ ದುಡ್ಡು ಕೊಡುವ ಪಾಲಿಸಿ, ಮಾರಿದ ಕಂಪನಿಗೆ ಲಾಭ. 35ನೇ ವಯಸ್ಸಿನಲ್ಲಿ 30 ವರ್ಷಕ್ಕೆ 1 ಕೋಟಿಯ ಟರ್ಮ್ ಪಾಲಿಸಿ ಮಾಡಿಸಿದವರು 65 ದಾಟಿ ನಗುನಗುತ್ತಾ ಇದ್ದರೆ ಕಂಪನಿ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ.

ಪಿಂಚಣಿ ಪಾಲಿಸಿ, ಅಂದರೆ ಆನ್ಯುಟಿ, ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಒಂದೇ ಸಲ ದುಡ್ಡು ತಗೊಂಡು ಬದುಕಿರುವವರೆಗೆ ತಿಂಗಳು ತಿಂಗಳು ಕೊಡುವ ಮಾತು. ಗ್ರಾಹಕರು 80ಕ್ಕೆ ಹೋಗುತ್ತಾರೆ ಅಂತ ಲೆಕ್ಕ ಹಾಕಿ ಬೆಲೆ ಇಟ್ಟು, ಅವರು 92 ದಾಟಿದರೆ ಆ ಹನ್ನೆರಡು ವರ್ಷದ ಪಿಂಚಣಿ ಕಂಪನಿಯ ಕೈಯಿಂದಲೇ ಹೋಗಬೇಕು. ಒಬ್ಬರು ಹೆಚ್ಚು ಬದುಕಿದರೆ ಪರವಾಗಿಲ್ಲ, ಇನ್ನೊಬ್ಬರು ಬೇಗ ಹೋಗಿ ಅದು ಸರಿದೂಗುತ್ತದೆ. ಇಡೀ ಊರೇ ನಾಲ್ಕು ವರ್ಷ ಜಾಸ್ತಿ ಬದುಕಿದರೆ ಸರಿದೂಗಿಸಲು ಯಾರೂ ಉಳಿಯುವುದಿಲ್ಲ.

ಆರ್‌ಬಿಐ ರೆಪೊ ಇಳಿಸಿದ ದಿನವೇ ವಿಮೆ ಷೇರು ಮಾರಿಬಿಡಬೇಕಾ?

ದಯವಿಟ್ಟು ಬೇಡ. ರೆಪೊ ಅಂದರೆ ಬ್ಯಾಂಕುಗಳ ಕೈಸಾಲದ ದರ, ದಿನದೊಪ್ಪತ್ತಿನ ಬಡ್ಡಿ. ವಿಮೆ ಕಂಪನಿಗೆ ಬೇಕಾದ್ದು 30 ವರ್ಷ, 40 ವರ್ಷದ ಬಾಂಡಿನ ಯೀಲ್ಡ್, ಅಂದರೆ ಇವತ್ತು ಬಾಂಡು ಕೊಂಡವರಿಗೆ ಸಿಗುವ ಬಡ್ಡಿ. ಇವೆರಡೂ ಯಾವಾಗಲೂ ಕೈ ಹಿಡಿದು ನಡೆಯುವುದಿಲ್ಲ. 2025ರಲ್ಲೇ ನೋಡಿ: ಫೆಬ್ರುವರಿಯಿಂದ ಜೂನ್‌ವರೆಗೆ ರೆಪೊ ಶೇ 6.50ರಿಂದ 5.50ಕ್ಕೆ ಇಳಿಯಿತು. ಎಲ್ಲರೂ ಬಡ್ಡಿ ಇಳಿಯಿತು ಅಂದರು. ಆದರೆ ಜೂನ್ ಆದಮೇಲೆ 30 ವರ್ಷದ ಸರ್ಕಾರಿ ಬಾಂಡಿನ ಯೀಲ್ಡ್ ಏರಿ ಶೇ 7 ದಾಟಿತು. ಮನೆ ಸಾಲದವರಿಗೆ ಇಳಿಕೆ, ವಿಮೆ ಕಂಪನಿಗೆ ಏರಿಕೆ, ಎರಡೂ ಒಂದೇ ವರ್ಷದಲ್ಲಿ. ಎಫ್‌ಡಿ ಬಡ್ಡಿ ಇಳಿದು ಉದ್ದದ ಬಾಂಡಿನ ಬಡ್ಡಿ ಮೇಲೆ ನಿಂತ ಹೊತ್ತು ಈ ಕಂಪನಿಗಳಿಗೆ ಹಿತವಾದ ಹೊತ್ತು. ಗ್ರಾಹಕರ ಕಣ್ಣಿಗೆ ಬ್ಯಾಂಕಿಗಿಂತ ವಿಮೆಯ ಗ್ಯಾರಂಟಿ ಪ್ಲಾನ್ ಚೆನ್ನಾಗಿ ಕಾಣುತ್ತದೆ, ಕಂಪನಿಗೂ ಮಾರ್ಜಿನ್ ಉಳಿಯುತ್ತದೆ.

## ಸ್ವಲ್ಪ ಒಳಗೆ ಹೋದರೆ

ಎಲ್ಲಾ ಪಾಲಿಸಿಗೂ ಬಡ್ಡಿ ಒಂದೇ ಥರ ತಾಗತ್ತಾ?

ಇಲ್ಲ. ಷೇರು ಕೊಳ್ಳುವವರು ಮೊದಲು ನೋಡಬೇಕಾದ್ದು ಇದನ್ನೇ ಅಂತ ನನ್ನ ಅನಿಸಿಕೆ.

ಬೋನಸ್ ಕೊಡುವ ಪಾಲಿಸಿ, ಅಂದರೆ ಪಾರ್. ಇಲ್ಲಿ ಲಾಭದ 90 ಪಾಲು ಪಾಲಿಸಿದಾರರಿಗೆ, 10 ಪಾಲು ಷೇರುದಾರರಿಗೆ. ಬಡ್ಡಿ ಇಳಿದರೆ ಬೋನಸ್ ಕಡಿಮೆ ಮಾಡುತ್ತಾರೆ, ಪೆಟ್ಟು ಹೆಚ್ಚಾಗಿ ಪಾಲಿಸಿದಾರರ ಮೇಲೆ ಬೀಳುತ್ತದೆ. ಷೇರುದಾರರಿಗೆ ಲಾಭವೂ ಕಡಿಮೆ, ಭಯವೂ ಕಡಿಮೆ. ಎಲ್‌ಐಸಿಯ ಹಳೆಯ ಬುನಾದಿ ಪೂರ್ತಿ ಇದೇ.

ಯುಲಿಪ್‌ನಲ್ಲಿ ಮಾರುಕಟ್ಟೆಯ ರಿಸ್ಕ್ ಗ್ರಾಹಕರದ್ದು. ಕಂಪನಿಗೆ ಬರುವುದು ಶುಲ್ಕ. ಸೆನ್ಸೆಕ್ಸ್ ಬಿದ್ದರೆ ಶುಲ್ಕ ಕಡಿಮೆಯಾಗುತ್ತದೆ, ಬಡ್ಡಿಯ ಕಾಟ ಅಷ್ಟಿಲ್ಲ. ಟರ್ಮ್‌ನಲ್ಲಿ ಮುಖ್ಯವಾದ್ದು ಸಾವಿನ ಲೆಕ್ಕ.

ಉಳಿದದ್ದು ನಾನ್‌ಪಾರ್, ಅಂದರೆ ಬೋನಸ್ ಇಲ್ಲದೆ ಮೊದಲೇ ಗೊತ್ತುಮಾಡಿದ ಮೊತ್ತ ಕೊಡುವ ಗ್ಯಾರಂಟಿ ಪ್ಲಾನ್, ಮತ್ತು ಆನ್ಯುಟಿ. ಇಲ್ಲಿ ಕೊಟ್ಟ ಮಾತು ಕಲ್ಲಿನಲ್ಲಿ ಕೊರೆದ ಹಾಗೆ. ಬಾಂಡಿನಿಂದ ಜಾಸ್ತಿ ಬಂದರೆ ಪೂರ್ತಿ ಷೇರುದಾರರದ್ದು, ಕಡಿಮೆ ಬಂದರೆ ಅದೂ ಪೂರ್ತಿ ಷೇರುದಾರರದ್ದೇ. ಮಾರ್ಜಿನ್ ಚೆನ್ನಾಗಿರುವುದೂ ಇಲ್ಲೇ, ನಿದ್ದೆ ಕೆಡಿಸುವುದೂ ಇಲ್ಲೇ. ಒಂದು ಕಂಪನಿಯ ಮಾರ್ಜಿನ್ ಇನ್ನೊಂದಕ್ಕಿಂತ ಜಾಸ್ತಿ ಇದೆ ಅಂದಾಗ ‘ಇವರು ಜಾಣರು’ ಅಂತ ಬೀಗುವ ಮೊದಲು ಅವರು ಗ್ಯಾರಂಟಿ ಎಷ್ಟು ಮಾರಿದ್ದಾರೆ ನೋಡಿ.

25 ವರ್ಷ ಆದ್ಮೇಲೆ ಬಡ್ಡಿ ಎಷ್ಟಿರತ್ತೆ ಅಂತ ದೇವರಿಗೂ ಗೊತ್ತಿಲ್ಲ. ಇವರು ಗ್ಯಾರಂಟಿ ಹೇಗೆ ಕೊಡ್ತಾರೆ?

ಬಹಳ ಒಳ್ಳೆಯ ಪ್ರಶ್ನೆ. ಇದನ್ನು ಕೇಳಿದವರು ತುಮಕೂರಿನ ಒಬ್ಬ ಅಡಿಕೆ ವ್ಯಾಪಾರಿ. ಅವರಿಗೆ ಅವರ ವ್ಯಾಪಾರದ ಮಾತಿನಲ್ಲೇ ಉತ್ತರ ಹೇಳಿದೆ.

ಮುಂದಿನ ವರ್ಷ ಇಂಥ ರೇಟಿಗೆ ಮಾಲು ಕೊಡುತ್ತೇನೆ ಅಂತ ನೀವು ಗಿರಾಕಿಗೆ ಮಾತು ಕೊಡುತ್ತೀರಿ. ಸುಮ್ನೆ ಕೂರುವುದಿಲ್ಲ. ಇನ್ನೊಂದು ಕಡೆ ತೋಟದವರ ಹತ್ತಿರ ಹೋಗಿ ಮುಂದಿನ ವರ್ಷದ ಫಸಲಿಗೆ ಇವತ್ತೇ ರೇಟು ಕುದುರಿಸುತ್ತೀರಿ. ವಿಮೆ ಕಂಪನಿಯೂ ಹಾಗೇ ಮಾಡುತ್ತದೆ. ತೊಡಕು ಇರುವುದು ಇಲ್ಲಿ: ಗ್ಯಾರಂಟಿ ಪ್ಲಾನಿನ ಗ್ರಾಹಕ ಮೊದಲ ವರ್ಷ 1 ಲಕ್ಷ ಕಟ್ಟುತ್ತಾನೆ, ಅದಕ್ಕೆ ಇವತ್ತಿನ ರೇಟಿನ ಬಾಂಡು ಸಿಗುತ್ತದೆ. ಆದರೆ ಇನ್ನು ಒಂಬತ್ತು ವರ್ಷ ಒಂದೊಂದು ಲಕ್ಷ ಬರುವುದಿದೆ. ಆ ದುಡ್ಡು ಬರುವಾಗ ಬಡ್ಡಿ ಎಷ್ಟಿರುತ್ತದೋ ಗೊತ್ತಿಲ್ಲ, ಗ್ರಾಹಕನಿಗೆ ಕೊಟ್ಟ ರೇಟು ಮಾತ್ರ ಇವತ್ತೇ ನಿಂತಿದೆ.

ಅದಕ್ಕೆ ಎಫ್‌ಆರ್‌ಎ ಅನ್ನುವ ಒಪ್ಪಂದ ಮಾಡಿಕೊಳ್ಳುತ್ತಾರೆ. ಮುಂದೆ ಬರುವ ಪ್ರೀಮಿಯಂ ಹೂಡುವಾಗ ಸಿಗಬೇಕಾದ ಬಡ್ಡಿಯನ್ನು ಬ್ಯಾಂಕಿನ ಜೊತೆ ಇವತ್ತೇ ಕಟ್ಟಿಹಾಕುವುದು. ಸರ್ಕಾರಿ ಬಾಂಡುಗಳನ್ನೇ ಮುಂದಿನ ದಿನಾಂಕಕ್ಕೆ ಇಂದೇ ಗೊತ್ತುಮಾಡಿದ ಬೆಲೆಯಲ್ಲಿ ಕೊಳ್ಳುವ ಫಾರ್ವರ್ಡ್ ಒಪ್ಪಂದಕ್ಕೆ ಆರ್‌ಬಿಐ ಮಾಡಿದ ನಿಯಮ 2025ರ ಮೇ ತಿಂಗಳಿಂದ ಜಾರಿಗೆ ಬಂತು. ಮೊದಲು 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೊಟ್ಟಮೊದಲ 50 ವರ್ಷದ ಬಾಂಡು ತಂದಿತ್ತು. 2073ಕ್ಕೆ ಅಸಲು ವಾಪಸ್ ಬರುವ ಬಾಂಡನ್ನು ನಾನೂ ನೀವೂ ಯಾಕೆ ಕೊಳ್ಳುತ್ತೇವೆ? ಅದಕ್ಕೆ ಬಾಯಿ ಬಿಟ್ಟು ಕಾಯುತ್ತಿದ್ದವರು ಈ ವಿಮೆ ಕಂಪನಿಗಳೂ ಪಿಂಚಣಿ ನಿಧಿಗಳೂ.

ಇಷ್ಟೆಲ್ಲ ಮಾಡಿದರೂ ನೂರಕ್ಕೆ ನೂರು ಕೂಡಿಸಲು ಆಗುವುದಿಲ್ಲ. ಎಷ್ಟು ಜನ ಮಧ್ಯದಲ್ಲಿ ಪ್ರೀಮಿಯಂ ನಿಲ್ಲಿಸುತ್ತಾರೆ ಅನ್ನುವುದು ಅಂದಾಜು ತಾನೆ.

ನಮ್ಮಮ್ಮನಿಗೆ ಹಳೇ ಪಾಲಿಸಿಯಿಂದ ಶೇ 9 ಪಿಂಚಣಿ ಬರ್ತಿದೆ. ಎಲ್‌ಐಸಿ ಷೇರುದಾರರಿಗೆ ಇದು ನಷ್ಟ ಅಲ್ವಾ?

ಅದು 2003ರ ವರಿಷ್ಠ ಪಿಂಚಣಿ ಬಿಮಾ ಯೋಜನೆ ಆಗಿದ್ದರೆ ನಷ್ಟ ಇಲ್ಲ. ನಮ್ಮ ಸೋದರತ್ತೆ ಅದರಲ್ಲಿದ್ದಾರೆ. ಹಾಸನದಲ್ಲಿ ಟೀಚರ್ ಆಗಿದ್ದವರು, ಕೈಗೆ ಬಂದ ದುಡ್ಡಿನಲ್ಲಿ 2,66,665 ರೂಪಾಯಿ ಕಟ್ಟಿದರು. ಆ ಯೋಜನೆಯಲ್ಲಿ ಕಟ್ಟಬಹುದಾದ ಗರಿಷ್ಠ ಮೊತ್ತ ಅದೇ. ತಿಂಗಳಿಗೆ 2,000. ಅವರ ಪಾಸ್‌ಬುಕ್ಕು ನಾನೇ ಎಂಟ್ರಿ ಹಾಕಿಸಿಕೊಂಡು ಬರುತ್ತೇನೆ. ಪುಟ ತಿರುವಿದರೆ ಸಾಲಿಗೆ ಸಾಲು ಅದೇ 2,000, ಮಧ್ಯೆ ಔಷಧಿಗೆ ತೆಗೆದದ್ದು, ಮತ್ತೆ 2,000. ಇಪ್ಪತ್ತು ವರ್ಷ ದಾಟಿದೆ, ಕಟ್ಟಿದ್ದಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು ಬಂದಾಗಿದೆ, ಅಸಲು ಇನ್ನೂ ಹಾಗೇ ಇದೆ. ಅವರು ನೂರು ವರ್ಷ ಬಾಳಲಿ.

ಎಲ್‌ಐಸಿ ಆ ದುಡ್ಡಿನಿಂದ ದುಡಿದದ್ದಕ್ಕೂ ಶೇ 9ಕ್ಕೂ ನಡುವಿನ ಕೊರತೆಯನ್ನು ಕೇಂದ್ರ ಸರ್ಕಾರ ತುಂಬಿಕೊಡುವ ಹಾಗೆ ಯೋಜನೆ ಮಾಡಿದ್ದರು. ಅಂದರೆ ಬಡ್ಡಿ ಇಳಿದದ್ದರ ಭಾರ, ಅತ್ತೆಯ ದೀರ್ಘಾಯುಷ್ಯದ ಭಾರ, ಎರಡೂ ಖಜಾನೆಯ ಮೇಲೆ. 2017ರಲ್ಲಿ ಬಂದ ಪ್ರಧಾನ ಮಂತ್ರಿ ವಯ ವಂದನ ಯೋಜನೆಯನ್ನು ಬೇರೆ ಥರ ಮಾಡಿದರು. ಮೊದಲು ಶೇ 8, ಆಮೇಲೆ 7.4. ಜೀವನಪರ್ಯಂತ ಅಲ್ಲ, 10 ವರ್ಷಕ್ಕೆ ಮಾತ್ರ. 2023ರ ಮಾರ್ಚ್ 31ಕ್ಕೆ ಹೊಸಬರನ್ನು ಸೇರಿಸುವುದೂ ನಿಂತಿತು. ‘ಬದುಕಿರುವವರೆಗೆ’ ಅನ್ನುವ ಒಂದು ಪದ ಎಷ್ಟು ದುಬಾರಿ ಅಂತ ಸರ್ಕಾರವೂ ಕಲಿತಿತ್ತು ಅನಿಸುತ್ತದೆ. ಖಜಾನೆಯ ಬೆಂಬಲ ಇಲ್ಲದೆ ಖಾಸಗಿ ಕಂಪನಿ ಇಂಥ ಮಾತು ಕೊಟ್ಟಿದ್ದರೆ ಕೊರತೆ ಕಟ್ಟಬೇಕಾದವರು ಷೇರುದಾರರೇ.

ಬಡ್ಡಿ ಏರಿದ್ರೆ ಒಳ್ಳೇದು ಅಂದ್ರಲ್ಲ, ಮತ್ತೆ ಬೇರೆ ಥರದ ತೊಂದರೆ ಅಂದ್ರೆ ಏನು?

ಸರೆಂಡರ್. ಹೊರಗೆ ಶೇ 4 ಸಿಗುವಾಗ ನನ್ನ ಹಳೆಯ ಪಾಲಿಸಿ ಶೇ 2 ಕೊಡುತ್ತಿದ್ದರೆ ನಾನು ಅದನ್ನು ಮುರಿಸಿ ಹೊರಗೆ ಹೋಗುತ್ತೇನೆ. ಎಲ್ಲರೂ ಹಾಗೇ ಬಂದರೆ ಕಂಪನಿ ಬಾಂಡು ಮಾರಬೇಕು, ಬಡ್ಡಿ ಏರಿದಾಗ ಬಾಂಡಿನ ಬೆಲೆ ಬಿದ್ದಿರುತ್ತದೆ, ನಷ್ಟಕ್ಕೆ ಮಾರಬೇಕಾಗುತ್ತದೆ. ಇಟಲಿಯ ಯೂರೊವೀಟಾ ಕಂಪನಿಗೆ 2023ರಲ್ಲಿ ಇದೇ ಸ್ಥಿತಿ ಬಂತು. ಅಲ್ಲಿನ ನಿಯಂತ್ರಕರು ಪಾಲಿಸಿ ಮುರಿಸುವುದನ್ನೇ ಕೆಲವು ತಿಂಗಳು ನಿಲ್ಲಿಸಿಬಿಟ್ಟರು.

ನಮ್ಮಲ್ಲಿ ಈ ಭಯ ಕಡಿಮೆ. ಕಾರಣ ಸಂತೋಷಪಡುವಂಥದ್ದಲ್ಲ: ಬೇಗ ಮುರಿಸಿದರೆ ಗ್ರಾಹಕರಿಗೆ ಸಿಗುತ್ತಿದ್ದದ್ದು ತೀರಾ ಕಡಿಮೆ. 2024ರ ಅಕ್ಟೋಬರ್ 1ರಿಂದ ಮೊದಲ ವರ್ಷದ ಪ್ರೀಮಿಯಂ ಪೂರ್ತಿ ಕಟ್ಟಿದ ಮೇಲೆ ಒಂದಿಷ್ಟು ವಾಪಸ್ ಕೊಡಲೇಬೇಕು ಅಂತ ನಿಯಮ ಬಂತು. ಗ್ರಾಹಕರಿಗೆ ಇದು ನ್ಯಾಯ, ನನಗೆ ಖುಷಿಯಾಯಿತು. ಷೇರುದಾರರು ಮಾತ್ರ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊರೊನಾ ಟೈಮಲ್ಲಿ ಏನಾಯ್ತು?

ಆಯುಷ್ಯದ ಲೆಕ್ಕ ಇನ್ನೊಂದು ದಿಕ್ಕಿಗೆ ತಪ್ಪಿತು. 2021ರ ಏಪ್ರಿಲ್‌ನಿಂದ ಜೂನ್‌ವರೆಗಿನ ಎರಡನೇ ಅಲೆಯಲ್ಲಿ ಸಾವಿನ ಕ್ಲೇಮುಗಳು ಏರಿ, ಆ ಮೂರು ತಿಂಗಳಿಗೆ ಐಸಿಐಸಿಐ ಪ್ರುಡೆನ್ಷಿಯಲ್ ಲೈಫ್ ಸುಮಾರು 186 ಕೋಟಿ ನಷ್ಟ ತೋರಿಸಿತು. ಮರುವಿಮೆ ಕಂಪನಿಗಳು, ಅಂದರೆ ವಿಮೆ ಕಂಪನಿಗಳಿಗೇ ವಿಮೆ ಕೊಡುವ ಕಂಪನಿಗಳು, ದರ ಏರಿಸಿದವು, ನಮ್ಮ ಟರ್ಮ್ ಪಾಲಿಸಿಯೂ ದುಬಾರಿಯಾಯಿತು. ಸಾವಿನ ಪೆಟ್ಟು ಹೀಗೆ ಒಮ್ಮೆ ಬಂದು ಹೋಗುತ್ತದೆ, ಕಂಪನಿ ಮುಂದಿನ ವರ್ಷ ದರ ಏರಿಸಿ ಸುಧಾರಿಸಿಕೊಳ್ಳುತ್ತದೆ. ದೀರ್ಘಾಯುಷ್ಯದ ಪೆಟ್ಟು ಹಾಗಲ್ಲ. ಗೆದ್ದಲು ಹಿಡಿದ ಹಾಗೆ ನಿಧಾನ, ಗೊತ್ತಾಗುವ ಹೊತ್ತಿಗೆ ಹಳೆಯ ಪಾಲಿಸಿಗಳ ಬೆಲೆ ಬದಲಿಸುವ ಹಾಗೇ ಇರುವುದಿಲ್ಲ.

## ಆಳಕ್ಕೆ ಇಳಿದವರ ಪ್ರಶ್ನೆಗಳು

ಬಡ್ಡಿಯೂ ಇಳಿದು ಜನರ ಆಯುಷ್ಯವೂ ಏರಿದ್ರೆ? ಎರಡೂ ಒಟ್ಟಿಗೆ ಬಂದ್ರೆ?

ಇದೇ ಈ ಇಡೀ ವಿಷಯದ ತಿರುಳು. ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡುವವರೆಗೆ ನನಗೂ ಇದು ಹೊಳೆದಿರಲಿಲ್ಲ.

ವರ್ಷಕ್ಕೆ 1,20,000 ರೂಪಾಯಿ ಪಿಂಚಣಿ ಕೊಡಬೇಕು ಅಂತಿಟ್ಟುಕೊಳ್ಳಿ. ಬಡ್ಡಿ ಶೇ 7. ಇಪ್ಪತ್ತು ವರ್ಷ ಕೊಡಲು ಇವತ್ತು 12.7 ಲಕ್ಷ ಬೇಕು. ಇಪ್ಪತ್ತೈದು ವರ್ಷಕ್ಕೆ ಸುಮಾರು 14 ಲಕ್ಷ. ಐದು ವರ್ಷ ಹೆಚ್ಚಿನ ಆಯುಷ್ಯಕ್ಕೆ ತಗಲಿದ್ದು ಶೇ 10. ಈಗ ಬಡ್ಡಿ ಶೇ 4 ಅಂತ ಹಾಕಿ. ಇಪ್ಪತ್ತು ವರ್ಷಕ್ಕೆ 16.3 ಲಕ್ಷ, ಇಪ್ಪತ್ತೈದಕ್ಕೆ 18.7 ಲಕ್ಷ. ಅದೇ ಐದು ವರ್ಷಕ್ಕೆ ಈಗ ಶೇ 15 ತಗಲುತ್ತದೆ. ಬಡ್ಡಿ ಜಾಸ್ತಿ ಇದ್ದಾಗ ದೂರದ ವರ್ಷಗಳ ಪಿಂಚಣಿ ಇವತ್ತಿನ ಲೆಕ್ಕದಲ್ಲಿ ಚಿಕ್ಕದಾಗಿ ಕಾಣುತ್ತದೆ. ಬಡ್ಡಿ ಇಳಿದಾಗ ಆ ದೂರದ ವರ್ಷಗಳು ಹತ್ತಿರ ಬಂದು ಎದುರಿಗೆ ನಿಲ್ಲುತ್ತವೆ. ಶೇ 7ರಲ್ಲಿ ಇಪ್ಪತ್ತು ವರ್ಷ ಅಂತ 12.7 ಲಕ್ಷ ತಗೊಂಡು ಕೂತ ಕಂಪನಿಗೆ ಎರಡೂ ಒಟ್ಟಿಗೆ ಕೈಕೊಟ್ಟರೆ ಬೇಕಾಗುವುದು 18.7 ಲಕ್ಷ. ಉಳಿದ 6 ಲಕ್ಷ ಎಲ್ಲಿಂದ?

ಬ್ರಿಟನ್ನಿನ ಇಕ್ವಿಟಬಲ್ ಲೈಫ್‌ಗೆ ಆದದ್ದು ಇದೇ. 1762ರಲ್ಲಿ ಹುಟ್ಟಿದ ಸಂಸ್ಥೆ. 1950ರ ದಶಕದಿಂದ 1988ರವರೆಗೆ ಮಾರಿದ ಪಿಂಚಣಿ ಪಾಲಿಸಿಗಳಲ್ಲಿ ‘ನಿವೃತ್ತಿಯಾದಾಗ ಇಂಥ ದರದಲ್ಲಿ ಆನ್ಯುಟಿ ಕೊಡುತ್ತೇವೆ’ ಅಂತ ಖಚಿತ ಮಾತು ಬರೆದಿತ್ತು. ಆಗ ಬಡ್ಡಿ ಜಾಸ್ತಿ, ಆ ಮಾತಿಗೆ ಬೆಲೆಯೇ ಇಲ್ಲ ಅನಿಸಿತ್ತು. 90ರ ದಶಕದಲ್ಲಿ ಬಡ್ಡಿ ಇಳಿಯಿತು, ಜನ ಹೆಚ್ಚು ಬದುಕತೊಡಗಿದರು. ಸಂಸ್ಥೆ ಬೋನಸ್ ಕಡಿತ ಮಾಡಿ ಸರಿತೂಗಿಸಲು ಹೊರಟಿತು. 2000ದ ಜುಲೈನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ, ಕೊಟ್ಟ ಮಾತು ನಡೆಸಲೇಬೇಕು ಅಂದಿತು. ಅದೇ ಡಿಸೆಂಬರ್‌ನಲ್ಲಿ ಹೊಸ ಪಾಲಿಸಿ ಮಾರುವುದನ್ನೇ ನಿಲ್ಲಿಸಿದರು. ಅದು ಷೇರುದಾರರಿಲ್ಲದ, ಪಾಲಿಸಿದಾರರೇ ಒಡೆಯರಾದ ಸಂಸ್ಥೆ. ಹಾಗಾಗಿ ಒಬ್ಬ ಪಾಲಿಸಿದಾರನ ಗ್ಯಾರಂಟಿಗೆ ಇನ್ನೊಬ್ಬ ಪಾಲಿಸಿದಾರ ತೆತ್ತ.

ಬರೀ ಬಡ್ಡಿ ಇಳಿದು ವಿಮೆ ಕಂಪನಿ ಮುಚ್ಚಿದ್ದು ಎಲ್ಲಾದ್ರೂ ಉಂಟಾ?

ಉಂಟು. ಜಪಾನಿನಲ್ಲಿ, ಒಂದಲ್ಲ, ಏಳು. 1997ರ ಏಪ್ರಿಲ್‌ನಲ್ಲಿ ನಿಸ್ಸಾನ್ ಮ್ಯೂಚುವಲ್ ಲೈಫ್ ಬಿತ್ತು. 2001ರ ಮಾರ್ಚ್ ಹೊತ್ತಿಗೆ ತೋಹೊ, ಚಿಯೊಡಾ, ಕ್ಯೋಯೆ ಎಲ್ಲ ಸೇರಿ ಏಳು ಕಂಪನಿ. 80ರ ದಶಕದ ಭರಾಟೆಯಲ್ಲಿ ಶೇ 5.5ರ ಆಸುಪಾಸಿನ ಮಾತು ಕೊಟ್ಟಿದ್ದರು. 1995ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕಿನ ದರ ಶೇ 0.5ಕ್ಕೆ ಬಂತು. ಕೊಡಬೇಕಾದ್ದು ಐದೂವರೆ, ಹೊಸದಾಗಿ ಹೂಡಿದರೆ ಸಿಗುವುದು ಅದರ ಹತ್ತಿರಕ್ಕೂ ಇಲ್ಲ. ಷೇರುಪೇಟೆ, ಜಮೀನಿನ ಬೆಲೆ ಬಿದ್ದದ್ದೂ ಸೇರಿತು. ನಿಸ್ಸಾನ್ ಮ್ಯೂಚುವಲ್ ಪಾಲಿಸಿದಾರರ ಖಚಿತ ದರವನ್ನು ಆಮೇಲೆ ಶೇ 2.75ಕ್ಕೆ ಇಳಿಸಿದರು. ಆ ಕಂಪನಿಗಳು ಒಂದೇ ದಿನ ಬೀಳಲಿಲ್ಲ. ದಿನಾ ಸ್ವಲ್ಪ ಸ್ವಲ್ಪ, ಪ್ರತಿ ಹಳೆಯ ಪಾಲಿಸಿಯ ಮೇಲೂ ನಷ್ಟ.

ನಮ್ಮ ದೇಶದಲ್ಲಿ ಆಯುಷ್ಯದ ರಿಸ್ಕ್ ನಿಜಕ್ಕೂ ಎಷ್ಟಿದೆ?

ಅಂಕಿ ನೋಡಿದರೆ ಗಾಬರಿಯಾಗಬಹುದು. 1970-75ರಲ್ಲಿ ಭಾರತೀಯರ ಸರಾಸರಿ ಆಯುಷ್ಯ 49.7 ವರ್ಷ. 2016-20ರಲ್ಲಿ 70. ಆದರೆ ಇದರ ದೊಡ್ಡ ಪಾಲು ಬಂದದ್ದು ಹಸುಗೂಸುಗಳ ಸಾವು ಕಡಿಮೆಯಾದದ್ದರಿಂದ. ಆನ್ಯುಟಿ ಕಂಪನಿಗೆ ಅದು ಮುಖ್ಯ ಅಲ್ಲ. 60 ದಾಟಿದವರು ಇನ್ನೆಷ್ಟು ವರ್ಷ ಇರುತ್ತಾರೆ ಅನ್ನುವುದು ಮುಖ್ಯ. ಅದು ದೇಶದ ಸರಾಸರಿಯಲ್ಲಿ ಸುಮಾರು 18 ವರ್ಷ. ಪಿಂಚಣಿ ಪಾಲಿಸಿ ಕೊಳ್ಳುವವರು ಸರಾಸರಿಯವರಲ್ಲ ಅನ್ನುವುದು ಇನ್ನೊಂದು ಮಾತು. ಕೈಯಲ್ಲಿ ದುಡ್ಡಿದ್ದವರು, ಬಿಪಿ ಶುಗರ್ ನೋಡಿಕೊಳ್ಳುವವರು, ‘ನಮ್ಮ ವಂಶದಲ್ಲಿ ಎಲ್ಲಾ ತೊಂಬತ್ತು’ ಅನ್ನುವವರು ಅದನ್ನು ಕೊಳ್ಳುತ್ತಾರೆ. ಅದಕ್ಕೇ ಅವರಿಗೆ ಬೇರೆ ಸಾವಿನ ಕೋಷ್ಟಕ (ಯಾವ ವಯಸ್ಸಿನಲ್ಲಿ ಎಷ್ಟು ಜನ ತೀರಿಕೊಳ್ಳುತ್ತಾರೆ ಅನ್ನುವ ಪಟ್ಟಿ) ಇದೆ. ಹಳೆಯದು 1996-98ರ ಲೆಕ್ಕದ್ದು. 2012-15ರ ಲೆಕ್ಕದ ಹೊಸ ಕೋಷ್ಟಕ ಜಾರಿಗೆ ಬಂದದ್ದು 2021ರ ಏಪ್ರಿಲ್‌ನಲ್ಲಿ.

ಹೀಗಿದ್ದರೂ ನಮ್ಮ ಕಂಪನಿಗಳಿಗೆ ಈ ರಿಸ್ಕ್ ಈಗ ಕಡಿಮೆ ಅನ್ನುತ್ತೇನೆ. ನಮ್ಮವರು ಬಹಳ ಜನ ಆರಿಸುವುದು ‘ತೀರಿಕೊಂಡ ಮೇಲೆ ಅಸಲು ಮಕ್ಕಳಿಗೆ ವಾಪಸ್’ ಅನ್ನುವ ಆನ್ಯುಟಿ. ಅಸಲನ್ನು ಕರಗಿಸಿ ತಿನ್ನುವುದು ನಮಗೆ ಒಗ್ಗುವುದಿಲ್ಲ, ಮಕ್ಕಳಿಗೆ ಏನಾದರೂ ಉಳಿಯಬೇಕು. ಇಂಥ ಪಾಲಿಸಿಯಲ್ಲಿ ಕಂಪನಿ ಕೊಡುತ್ತಿರುವುದು ಹೆಚ್ಚು ಕಡಿಮೆ ಬಡ್ಡಿ ಮಾತ್ರ. ಅಜ್ಜಿ ಹೆಚ್ಚು ಬದುಕಿದರೆ ಅಸಲು ಅಷ್ಟು ತಡವಾಗಿ ವಾಪಸ್ ಹೋಗುತ್ತದೆ, ಆಯುಷ್ಯದ ಪೆಟ್ಟು ತಗ್ಗುತ್ತದೆ. ಆದರೆ ಬಡ್ಡಿಯ ಪೆಟ್ಟು ಏರುತ್ತದೆ, ಯಾಕೆಂದರೆ ಅದು ಮೂವತ್ತು ವರ್ಷದ ಬಡ್ಡಿಯ ಮಾತು. ಅಸಲು ವಾಪಸ್ ಇಲ್ಲದ ಆನ್ಯುಟಿ ಮಾರಾಟ ಏರತೊಡಗಿದ ದಿನ ನಾನು ಕಿವಿ ನೆಟ್ಟಗೆ ಮಾಡುತ್ತೇನೆ.

ಟರ್ಮ್‌ನಲ್ಲಿ ಲಾಭ, ಆನ್ಯುಟಿಯಲ್ಲಿ ನಷ್ಟ. ಎರಡೂ ಸೇರಿ ಸರಿಹೋಗಲ್ವಾ?

ಸ್ವಲ್ಪ ಸರಿಹೋಗುತ್ತದೆ, ಪೂರ್ತಿ ಅಲ್ಲ. ಟರ್ಮ್ ಮಾಡಿಸುವವರು 30-45ರವರು, ಆನ್ಯುಟಿಯವರು 60 ಮೇಲಿನವರು. ಅಪಘಾತ, ಹೃದಯಾಘಾತ ಕಡಿಮೆಯಾದರೆ ಟರ್ಮ್‌ಗೆ ಲಾಭ. ಕ್ಯಾನ್ಸರ್‌ಗೆ, ಮುಪ್ಪಿನ ಕಾಯಿಲೆಗೆ ಹೊಸ ಔಷಧಿ ಬಂದರೆ ಆನ್ಯುಟಿಗೆ ಖರ್ಚು. ಎರಡೂ ಒಂದೇ ವರ್ಷ ಆಗಬೇಕು ಅಂತೇನಿಲ್ಲ. ಮೇಲಾಗಿ ಟರ್ಮ್‌ನ ರಿಸ್ಕಿನಲ್ಲಿ ಒಂದು ಪಾಲನ್ನು ಮರುವಿಮೆಗೆ ಕೊಟ್ಟಿರುತ್ತಾರೆ, ಅಷ್ಟು ಪಾಲಿನ ಲಾಭವೂ ಅಲ್ಲಿಗೇ ಹೋಗುತ್ತದೆ.

ದೀರ್ಘಾಯುಷ್ಯದಿಂದ ಷೇರುದಾರರ ದುಡ್ಡು ಹೋದ ಒಂದು ಉದಾಹರಣೆ ಕೊಡಿ.

ಅಮೆರಿಕದ ಜನರಲ್ ಎಲೆಕ್ಟ್ರಿಕ್. ಆಗ ವಿಮಾನದ ಎಂಜಿನ್, ಸ್ಕ್ಯಾನಿಂಗ್ ಮೆಷಿನ್ ಮಾಡುತ್ತಿದ್ದ ಕಂಪನಿ. ವಯಸ್ಸಾದವರನ್ನು ನೋಡಿಕೊಳ್ಳುವ ಖರ್ಚಿನ ಹಳೆಯ ಪಾಲಿಸಿಗಳಿಗೆ ಮರುವಿಮೆ ಕೊಟ್ಟದ್ದು ಅದರ ಮೂಲೆಯಲ್ಲಿ ಉಳಿದುಕೊಂಡಿತ್ತು. ಜನ ಹೆಚ್ಚು ಬದುಕಿದರು, ಹೆಚ್ಚು ವರ್ಷ ಆರೈಕೆ ಬೇಕಾಯಿತು, ಮೇಲೆ ಬಡ್ಡಿ ಇಳಿದಿತ್ತು. 2018ರ ಜನವರಿಯಲ್ಲಿ 6.2 ಬಿಲಿಯನ್ ಡಾಲರ್ ನಷ್ಟ ಬರೆದು, ಏಳು ವರ್ಷದಲ್ಲಿ 15 ಬಿಲಿಯನ್ ಡಾಲರ್ ಎತ್ತಿಡಬೇಕು ಅಂತ ಹೇಳಿದರು. ಎಂಜಿನ್ ಕಂಪನಿ ಅಂತ ಷೇರು ಕೊಂಡವರು ವೃದ್ಧಾಶ್ರಮದ ಬಿಲ್ಲು ಕಟ್ಟಿದರು.

ವಾರ್ಷಿಕ ವರದಿ 400 ಪುಟ ಇದೆ. ಎಲ್ಲಿ ನೋಡ್ಲಿ?

ಎಂಬೆಡೆಡ್ ವ್ಯಾಲ್ಯೂ ವರದಿ ಅಂತ ಇರುತ್ತದೆ. ಅದರ ಕೊನೆಯ ಕಡೆಗೆ ‘ಸೆನ್ಸಿಟಿವಿಟಿ’ ಅಂತ ಅರ್ಧ ಪುಟದ ಒಂದು ಪಟ್ಟಿ. ಬಡ್ಡಿ ಶೇ 1 ಏರಿದರೆ, ಇಳಿದರೆ, ಸಾವು ಶೇ 10 ಹೆಚ್ಚಾದರೆ, ಪಾಲಿಸಿ ಬಿಡುವವರು ಶೇ 10 ಹೆಚ್ಚಾದರೆ ಕಂಪನಿಯ ಮೌಲ್ಯ ಎಷ್ಟು ಅಲುಗುತ್ತದೆ ಅಂತ ಕಂಪನಿಯೇ ಬರೆದಿರುತ್ತದೆ. 400 ಪುಟದಲ್ಲಿ ಈ ಅರ್ಧ ಪುಟ ನನಗೆ ಚಿನ್ನ. ಮೂರು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿ. ಬಡ್ಡಿಯ ಸಾಲಿನ ಅಂಕಿ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದ್ದರೆ ಯಾಕೆ ಅಂತ ಕೇಳಬೇಕು.

ಒಂದು ಗೊಂದಲ ಬರುತ್ತದೆ, ಮೊದಲೇ ಹೇಳುತ್ತೇನೆ. ಅಲ್ಲಿ ಎರಡು ಅಂಕಿ ಇರುತ್ತವೆ. ಇವಿ (ಎಂಬೆಡೆಡ್ ವ್ಯಾಲ್ಯೂ) ಅಂದರೆ ಇದುವರೆಗಿನ ವ್ಯವಹಾರದ ಮೌಲ್ಯ, ವಿಎನ್‌ಬಿ ಅಂದರೆ ಈ ವರ್ಷ ಮಾರಿದ ಹೊಸ ಪಾಲಿಸಿಗಳ ಮೌಲ್ಯ. ಬಡ್ಡಿ ಏರಿದಾಗ ಕೈಯಲ್ಲಿರುವ ಬಾಂಡುಗಳ ಬೆಲೆ ಬಿದ್ದು ಇವಿ ಇಳಿಯಬಹುದು, ಅದೇ ಹೊತ್ತಿಗೆ ವಿಎನ್‌ಬಿ ಬೇರೆ ಕಡೆ ಹೋಗಬಹುದು. ತಪ್ಪು ಅಲ್ಲ, ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಸಾಲ್ವೆನ್ಸಿಯನ್ನೂ, ಅಂದರೆ ಕೊಟ್ಟ ಮಾತು ನಡೆಸಲು ಕಂಪನಿಯ ಕೈಯಲ್ಲಿರುವ ಬಂಡವಾಳದ ಅಳತೆಯನ್ನೂ ನೋಡಿ, ಅದು ಶೇ 150ಕ್ಕಿಂತ ಕೆಳಗೆ ಹೋಗುವ ಹಾಗಿಲ್ಲ.

ಬಡ್ಡಿನೂ ಸರಿ ಇತ್ತು, ಸಾವೂ ಜಾಸ್ತಿ ಇರ್ಲಿಲ್ಲ. ಆದ್ರೂ ಷೇರು ಬಿತ್ತಲ್ಲ?

ಸರ್ಕಾರದ ಒಂದು ಸಾಲು ಸಾಕು. 2023ರ ಫೆಬ್ರುವರಿ 1ರ ಬಜೆಟ್‌ನಲ್ಲಿ, ವರ್ಷಕ್ಕೆ 5 ಲಕ್ಷಕ್ಕಿಂತ ಹೆಚ್ಚು ಪ್ರೀಮಿಯಂ ಕಟ್ಟುವ ಹೊಸ ಪಾಲಿಸಿಗಳ ಮೆಚ್ಯೂರಿಟಿ ದುಡ್ಡಿಗೆ ತೆರಿಗೆ ಅಂದರು. ಅವತ್ತೇ ಹಲವು ವಿಮೆ ಷೇರುಗಳು ಹೆಚ್ಚು ಕಡಿಮೆ ಶೇ 10 ಬಿದ್ದವು. ಬ್ರಿಟನ್ನಿನಲ್ಲಿ 2014ರ ಮಾರ್ಚ್ 19ರ ಬಜೆಟ್, ನಿವೃತ್ತರು ಆನ್ಯುಟಿ ಕೊಳ್ಳಲೇಬೇಕಾಗಿಲ್ಲ ಅಂದಾಗ ಪಾರ್ಟ್ನರ್‌ಶಿಪ್ ಅಶ್ಯೂರೆನ್ಸ್ ಅನ್ನುವ ಆನ್ಯುಟಿ ಕಂಪನಿಯ ಷೇರು ಒಂದೇ ದಿನ ಅರ್ಧಕ್ಕಿಂತ ಕೆಳಗೆ ಹೋಯಿತು. ನಮ್ಮಲ್ಲೂ ಎನ್‌ಪಿಎಸ್‌ನ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಸರ್ಕಾರಿಯೇತರ ಚಂದಾದಾರರು ಆನ್ಯುಟಿಗೆ ಹಾಕಲೇಬೇಕಾದ ಪಾಲನ್ನು 2025ರ ಡಿಸೆಂಬರ್‌ನಲ್ಲಿ ಶೇ 40ರಿಂದ 20ಕ್ಕೆ ಇಳಿಸಿದರು. ನಿವೃತ್ತರಿಗೆ ಸ್ವಾತಂತ್ರ್ಯ, ಆನ್ಯುಟಿ ಮಾರುವವರಿಗೆ ಕಡಿಮೆ ವ್ಯಾಪಾರ.

ಐಪಿಒದಲ್ಲಿ ಸಿಕ್ಕ ಎಲ್‌ಐಸಿ ಷೇರು 530ಕ್ಕೆ ಬಂದಾಗ ಹೆದರಿ ಮಾರಿಬಿಟ್ಟೆ. ಅದು ಬಡ್ಡಿಯಿಂದ ಬಿದ್ದಿದ್ದಾ?

ನನಗೆ ಹಾಗನಿಸುವುದಿಲ್ಲ. ಐಪಿಒ ಬೆಲೆ 949, ಪಾಲಿಸಿದಾರರಿಗೆ 60 ರೂಪಾಯಿ ರಿಯಾಯಿತಿ. 2023ರ ಮಾರ್ಚ್ ಕೊನೆಗೆ 530ರ ಆಸುಪಾಸು. ಆ ಅವಧಿಯಲ್ಲಿ ರೆಪೊ ಶೇ 4.40ರಿಂದ 6.50ಕ್ಕೆ ಏರುತ್ತಿತ್ತು ನಿಜ. ಆದರೆ ಎಲ್‌ಐಸಿಯ ಪಾಲಿಸಿಗಳಲ್ಲಿ ದೊಡ್ಡ ಪಾಲು ಬೋನಸ್ ಪಾಲಿಸಿ. ಬಡ್ಡಿಯ ಏರಿಳಿತದ ಹೆಚ್ಚಿನ ಭಾರ ಹೊರುವವರು ಅಲ್ಲಿ ಪಾಲಿಸಿದಾರರು. ಬೀಳಲು ಇದ್ದ ಕಾರಣ ಬೇರೆ: ಖಾಸಗಿಯವರು ವ್ಯಾಪಾರ ಕಿತ್ತುಕೊಳ್ಳುತ್ತಿದ್ದಾರೆ ಅನ್ನುವ ಚಿಂತೆ, 2023ರ ಆರಂಭದಲ್ಲಿ ಎಲ್‌ಐಸಿ ದುಡ್ಡು ಹಾಕಿದ್ದ ಅದಾನಿ ಷೇರುಗಳ ಗಲಾಟೆ, ಆಮೇಲೆ ಬಜೆಟ್ಟಿನ ತೆರಿಗೆ.

ಆಮೇಲೆ ಒಳಗೆ ಒಂದು ಬದಲಾವಣೆ ಆಯಿತು. ವೈಯಕ್ತಿಕ ಪಾಲಿಸಿಗಳ ಹೊಸ ವ್ಯಾಪಾರದಲ್ಲಿ ನಾನ್‌ಪಾರ್ ಪಾಲು 2022-23ರಲ್ಲಿ ಶೇ 9ರ ಹತ್ತಿರ ಇತ್ತು, 2023-24ರಲ್ಲಿ 18 ದಾಟಿತು, 2024-25ರಲ್ಲಿ 27 ದಾಟಿತು. ಮಾರ್ಜಿನ್ ಸ್ವಲ್ಪ ಏರಿತು, ಷೇರುದಾರರು ಖುಷಿಪಟ್ಟರು. ನಾನು ಆ ಮೂರು ಅಂಕಿಗಳ ಪಕ್ಕ ಪೆನ್ಸಿಲಿನಲ್ಲಿ ಗೆರೆ ಎಳೆದು ಇಟ್ಟಿದ್ದೇನೆ. ನೀವು ಮಾರಿದ ದಿನ ಬಡ್ಡಿಗೆ ಅಷ್ಟಾಗಿ ಅಲುಗದ ಎಲ್‌ಐಸಿ ಷೇರು ಇನ್ನು ಮುಂದೆ ಹಾಗೇ ಇರುವುದಿಲ್ಲ. ಮತ್ತೆ ಕೊಳ್ಳುವ ಯೋಚನೆ ಇದ್ದರೆ ಮೊದಲು ಆ ಸೆನ್ಸಿಟಿವಿಟಿ ಪಟ್ಟಿಯ ಬಡ್ಡಿ ಸಾಲು ತೆರೆದು 2023ರದ್ದನ್ನೂ ಈಗಿನದ್ದನ್ನೂ ಪಕ್ಕದಲ್ಲಿಟ್ಟು ನೋಡಿ.